ಸ್ವಿಚ್ಚುಗಳ ದ್ವಾರದೋಷ: ಒಂದು ನಾಮವಿಚಾರ

ಗಣಕಜಾಲಗಳಲ್ಲಿ ಸ್ವಿಚ್ಚೆಂಬ ಯಂತ್ರವು ಅನೇಕ ಗಣಕಗಳನ್ನು ಒಂದುಗೂಡಿಸಿ, ಪ್ರತಿಯೊಂದು ಸಂದೇಶವನ್ನೂ ಅದು ಸೇರಬೇಕಾದಲ್ಲಿಗೆ ಮುಟ್ಟಿಸುತ್ತದೆ. ಅದನ್ನು ವಶಪಡಿಸಿಕೊಂಡವನು ಆ ಸಂದೇಶಗಳನ್ನು ತಡೆಯಲೂ ಬಲ್ಲನು, ಬೇರೆಡೆಗೆ ತಿರುಗಿಸಲೂ ಬಲ್ಲನು. ಆದುದರಿಂದಲೇ ಅದರ ಆಡಳಿತಕ್ಕೆ ಪಾಸ್‌ವರ್ಡಿನ ಕಾವಲನ್ನಿಟ್ಟಿರುತ್ತಾರೆ. ಈ ಕಾವಲನ್ನು ತಪ್ಪಿಸಿ ಒಳಹೊಗಲು ಎಡೆಗೊಟ್ಟ ದೋಷಗಳಲ್ಲಿ ೨೦೦೧ನೆಯ ಇಸವಿಯದು ಪ್ರಸಿದ್ಧವಾದುದು. ಅದಕ್ಕೆ ಇಬ್ಬರು ಇಟ್ಟ ಹೆಸರುಗಳು ಪರಸ್ಪರ ಭಿನ್ನವಾಗಿವೆ. ಈ ಭೇದವು ಶಬ್ದಮಾತ್ರದ್ದೋ ವಸ್ತುಗತವಾದುದೋ ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಬಂದವನು ಯಾರೆಂದು ನಿಶ್ಚಯಿಸುವುದು ದೃಢೀಕರಣ. ಅವನು ಏನನ್ನು ಮಾಡಬಹುದೆಂದು ನಿಶ್ಚಯಿಸುವುದು ಅಧಿಕಾರನಿರ್ಣಯ. ಯಾವ ಕರ್ಮದಲ್ಲಿ ಯಾರಿಗೆ ಅಧಿಕಾರವೆಂದು ಮೀಮಾಂಸಕರು ಕೇಳುವ ಪ್ರಶ್ನೆಗೆ ಎರಡನೆಯದು ಸಮೀಪವಾದುದು. ಇವೆರಡನ್ನೂ ಬೆರೆಸಬಾರದು.

ಇದಕ್ಕೆ ಹಿಂದಿನ ಉದಾಹರಣೆಯೊಂದುಂಟು. ಸಿಸ್ಕೊ ಸಂಸ್ಥೆಯ ಕ್ಯಾಟಲಿಸ್ಟ್ ೪೦೦೦, ೫೦೦೦, ೬೦೦೦ ವರ್ಗಗಳ ಸ್ವಿಚ್ಚುಗಳಲ್ಲಿ, ೫.೪(೧) ಆವೃತ್ತಿಯ ತಂತ್ರಾಂಶವಿದ್ದರೆ, ಸಾಮಾನ್ಯ ಪ್ರವೇಶವನ್ನು ಪಡೆದವನು ಎರಡನೆಯ ಪಾಸ್‌ವರ್ಡನ್ನು ಅರಿಯದೆಯೇ ಆಡಳಿತಸ್ಥಾನಕ್ಕೆ ಏರಬಹುದಾಗಿದ್ದಿತು. ಇದು ೨೦೦೦ನೆಯ ಏಪ್ರಿಲಿನಲ್ಲಿ ಪ್ರಕಟವಾಯಿತು, ೫.೪(೨) ಆವೃತ್ತಿಯಲ್ಲಿ ಪರಿಹಾರವಾಯಿತು. ಇಲ್ಲಿ ಹೊರಬಾಗಿಲು ಭದ್ರ, ಒಳಬಾಗಿಲು ತೆರೆದಿದ್ದಿತು. ಹೆಸರಿನ ವಿಷಯದಲ್ಲಿ ತೊಡಕಿಲ್ಲ.

೨೦೦೧ನೆಯ ಜೂನ್ ೨೭ರಂದು ಅದೇ ಸಂಸ್ಥೆಯು ಪ್ರಕಟಿಸಿದ ದೋಷವು ಬೇರೆ ಬಗೆಯದು. ಅದರ ರೂಟರುಗಳನ್ನೂ ಸ್ವಿಚ್ಚುಗಳನ್ನೂ ನಡೆಸುವ ಐ.ಒ.ಎಸ್. ಎಂಬ ತಂತ್ರಾಂಶದಲ್ಲಿ, ೧೧.೩ನೆಯ ಆವೃತ್ತಿ ಮೊದಲ್ಗೊಂಡು, ಬ್ರೌಸರಿನ ಮೂಲಕ ಆಡಳಿತ ನಡೆಸಲು ಒಂದು ಬಾಗಿಲಿದ್ದಿತು. ಅಲ್ಲಿ ಬರೆಯುವ ವಿಳಾಸದೊಳಗೇ ಅಧಿಕಾರದ ಮಟ್ಟವನ್ನು ಸಂಖ್ಯೆಯಾಗಿ ಸೂಚಿಸಬಹುದು. ಮಟ್ಟಗಳು ಸೊನ್ನೆಯಿಂದ ಹದಿನೈದರವರೆಗೆ, ಹದಿನೈದೇ ಪರಮಾಧಿಕಾರ. ಆದರೆ ಈ ಎಲ್ಲೆಯನ್ನು ಮೀರಿ ೧೬ರಿಂದ ೯೯ರವರೆಗಿನ ಸಂಖ್ಯೆಯನ್ನು ಬರೆದರೆ, ಪಾಸ್‌ವರ್ಡಿಲ್ಲದೆಯೇ ಪರಮಾಧಿಕಾರವು ಕೈಸೇರುವಂತಿದ್ದಿತು. ಎಲ್ಲ ಯಂತ್ರಗಳಿಗೂ ಒಂದೇ ಸಂಖ್ಯೆ ಸಲ್ಲುತ್ತಿರಲಿಲ್ಲ. ಆದರೂ ಪರೀಕ್ಷಿಸಬೇಕಾದುವು ಒಟ್ಟು ೮೪ ಮಾತ್ರ.

ಸಿಸ್ಕೊ ಸಂಸ್ಥೆಯು ಇದನ್ನು ಅಧಿಕಾರನಿರ್ಣಯದ ದೋಷವೆಂದು ಕರೆಯಿತು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಕೇಂದ್ರವು ಹೊರಡಿಸಿದ ಎಚ್ಚರಿಕೆಯಲ್ಲಿ ದೃಢೀಕರಣದ ದೋಷವೆಂದಿದೆ. ಇವುಗಳಲ್ಲಿ ಯಾವುದು ಯುಕ್ತ?

ದೋಷದ ಕೀಲು ಮಟ್ಟದ ಸಂಖ್ಯೆಯಲ್ಲಿರುವುದರಿಂದ ಮೊದಲನೆಯದೇ ಸರಿಯೆಂಬುದು ಪೂರ್ವಪಕ್ಷ. ಇದು ಪೂರ್ತಿಯಾಗಿ ನಿಲ್ಲುವುದಿಲ್ಲ. ಏಕೆಂದರೆ ಪಾಸ್‌ವರ್ಡುಗಳನ್ನು ಯಂತ್ರದೊಳಗೇ ಇಟ್ಟುಕೊಂಡು ಪರೀಕ್ಷಿಸುವ ಏರ್ಪಾಡಿದ್ದಲ್ಲಿ ದೋಷವುಂಟು; ಆ ಪರೀಕ್ಷೆಯನ್ನು ರೇಡಿಯಸ್ ಅಥವಾ ಟಕಾಕ್ಸ್ ಪ್ಲಸ್ ಎಂಬ ಹೊರಗಿನ ವ್ಯವಸ್ಥೆಗೆ ವಹಿಸಿದ್ದಲ್ಲಿ ದೋಷವಿಲ್ಲ. ಈ ಅನ್ವಯವ್ಯತಿರೇಕಗಳಿಂದ ದೃಢೀಕರಣವೂ ದೋಷದೊಳಗೆ ಸೇರಿದೆಯೆಂದು ಸಿದ್ಧವಾಗುತ್ತದೆ. ಅಲ್ಲದೆ ಒಳಬರುವವನು ಅಲ್ಪಾಧಿಕಾರಿಯಲ್ಲ, ಕೇವಲ ಅಪರಿಚಿತನು. ಆದಕಾರಣ ಒಂದು ಹೆಸರು ಕಾರಣವನ್ನೂ ಮತ್ತೊಂದು ಕಾರ್ಯವನ್ನೂ ನೋಡಿ ಹುಟ್ಟಿದುದೆಂದು ನನಗೆ ತೋರುತ್ತದೆ.

ಹೆಸರು ಯಾವುದಾದರೇನು, ದೋಷವು ಕಳೆದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಅಧಿಕಾರದ ದೋಷವೆಂದಷ್ಟೇ ಕೇಳಿದವನು, ತನ್ನವರೇ ಎಲ್ಲೆ ಮೀರಬಹುದೆಂದು ಭಾವಿಸಿ ಹೊರಗಿನವರ ವಿಷಯದಲ್ಲಿ ನಿಶ್ಚಿಂತನಾಗುವನು. ದೃಢೀಕರಣದ ದೋಷವೆಂದಷ್ಟೇ ಕೇಳಿದವನು ಪಾಸ್‌ವರ್ಡನ್ನು ಬಲಪಡಿಸಿ ಸುಮ್ಮನಾಗುವನು. ಕಾವಲುಗಾರನು ಕೇಳದೆಯೇ ಬಿಟ್ಟ ಗುಟ್ಟು ಎಷ್ಟು ಗಟ್ಟಿಯಾಗಿದ್ದರೇನು? ತಂತ್ರಾಂಶವನ್ನು ತಿದ್ದುವುದು, ಇಲ್ಲವೆ ಬ್ರೌಸರಿನ ಬಾಗಿಲನ್ನೇ ಮುಚ್ಚುವುದು, ಇಲ್ಲವೆ ಪರೀಕ್ಷೆಯನ್ನು ಹೊರಗೆ ವಹಿಸುವುದು, ಇವೇ ಅಂದಿನ ನಿಜವಾದ ಪರಿಹಾರಗಳು.

ಈ ವಿಚಾರವು ಹಳೆಯದಾಗಿ ಹೋಗಲಿಲ್ಲ. ೨೦೨೩ನೆಯ ಅಕ್ಟೋಬರ್ ೧೬ರಂದು ಅದೇ ಸಂಸ್ಥೆಯ ಐ.ಒ.ಎಸ್. ಎಕ್ಸ್.ಇ. ತಂತ್ರಾಂಶದ ಬ್ರೌಸರ್ ಬಾಗಿಲಿನಲ್ಲಿ ಮತ್ತೊಂದು ದೋಷ ಪ್ರಕಟವಾಯಿತು. ಅಪರಿಚಿತನೊಬ್ಬನು ಹದಿನೈದನೆಯ ಮಟ್ಟದ ಖಾತೆಯನ್ನು ತಾನೇ ಸೃಷ್ಟಿಸಿಕೊಳ್ಳಬಹುದಾಗಿದ್ದಿತು. ಅದರ ತೀವ್ರತೆಯನ್ನು ಹತ್ತಕ್ಕೆ ಹತ್ತೆಂದು ಎಣಿಸಿದರು. ಪ್ರಕಟಣೆಗೆ ಮುಂಚೆಯೇ ದುಷ್ಟರು ಅದನ್ನು ಬಳಸಿಕೊಂಡಿದ್ದರು. ಆದರೂ ಮೊದಲು ಅದಕ್ಕಿಟ್ಟ ಹೆಸರು ಅಧಿಕಾರವೃದ್ಧಿಯ ದೋಷವೆಂದೇ. ಇಲ್ಲದ ಅಧಿಕಾರಕ್ಕೆ ವೃದ್ಧಿಯೆಲ್ಲಿಯದು? ತತ್ಕಾಲಕ್ಕೆ ಹೇಳಿದ ಉಪಾಯವೂ ಹಳೆಯದೇ: ಆ ಬಾಗಿಲನ್ನು ಮುಚ್ಚುವುದು.

ಆದುದರಿಂದ ಇಂತಹ ದೋಷಗಳಿಗೆ ಕನ್ನಡದಲ್ಲಿ ಹೆಸರಿಡುವಾಗ ಕಾರಣ, ಕಾರ್ಯ ಎರಡನ್ನೂ ಹೇಳುವುದು ಯುಕ್ತವೆಂದು ನನ್ನ ಅಭಿಪ್ರಾಯ. ವಿದ್ವಾಂಸರು ಪರಾಮರ್ಶಿಸಬೇಕು.