ವಿಮಾನದ ಒಳಮೈಗೆ ಬಳಿದ ಬಣ್ಣ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಸಿಗುತ್ತದೆ. ಅದು ಶುರುವಾದದ್ದು 2019ರ ನವೆಂಬರ್ 22ರಂದು. ಆಮೇಲೆ ಅಲ್ಲಿಗೆ ಹಾರಾಟ ಕಲಿಸುವ ಶಾಲೆಗಳೂ ಬಂದವು. ಚಿತ್ತಾಪುರ, ಸೇಡಂ ಕಡೆಯ ತೊಗರಿ ಹೊಲಗಳ ಮೇಲೆ ಪುಟ್ಟ ತರಬೇತಿ ವಿಮಾನಗಳು ಸುತ್ತು ಹಾಕುವುದನ್ನು ಜನ ಈಗ ತಲೆಯೆತ್ತಿ ನೋಡುತ್ತಾರೆ. ಚಿಂಚೋಳಿ ಸೀಮೆಗೆ ಈ ಸದ್ದು ಇನ್ನೂ ಹಳೆಯದು. ಪಕ್ಕದ ಬೀದರದಲ್ಲಿ ವಾಯುಪಡೆ 1960ರ ದಶಕದಲ್ಲೇ ಹೊಸ ಪೈಲಟ್‌ಗಳನ್ನು ತಯಾರು ಮಾಡುತ್ತಿತ್ತು. ಅವರ ಮೊದಲ ಪಾಠ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಟಿ-2 ವಿಮಾನದಲ್ಲಿ.

ನೆಲದಲ್ಲಿ ನಿಂತವರಿಗೆ ರೆಕ್ಕೆ ಕಾಣುತ್ತದೆ, ಹೊಟ್ಟೆ ಕಾಣುತ್ತದೆ. ಒಳಗೆ ಯಾವ ಬಣ್ಣ ಬಳಿದಿದ್ದಾರೆ, ಯಾಕೆ ಬಳಿದಿದ್ದಾರೆ ಎಂಬುದು ಕಾಣುವುದಿಲ್ಲ. ಆದರೆ ವಿಮಾನ ಎಷ್ಟು ವರ್ಷ ಬಾಳುತ್ತದೆ, ಎಷ್ಟು ಹಗುರಾಗಿ ಏಳುತ್ತದೆ ಎಂಬ ಲೆಕ್ಕದಲ್ಲಿ ಆ ಬಣ್ಣಕ್ಕೂ ಪಾಲಿದೆ.

ಕರ್ನಾಟಕದಲ್ಲಿ ವಿಮಾನ ಕಟ್ಟುವ ಕೆಲಸ ಶುರುವಾದದ್ದೇ ಬಿಡಿ ಭಾಗಗಳನ್ನು ಜೋಡಿಸುವುದರಿಂದ. ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಸ್ಥಾಪಿಸಿದರು. ಮೈಸೂರು ಸರ್ಕಾರ ಅದರಲ್ಲಿ ಪಾಲುದಾರನಾಯಿತು. ಅಮೆರಿಕದಿಂದ ಬಿಡಿ ಭಾಗಗಳಾಗಿ ಬಂದ ಹಾರ್ಲೊ ಪಿಸಿ-5 ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ, 1941ರ ಆಗಸ್ಟ್‌ನಲ್ಲಿ ಹಾರಿಸಲಾಯಿತು. ಕಂಪನಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಆ ಕಾಲದ ಅಲ್ಯೂಮಿನಿಯಂ ವಿಮಾನಗಳನ್ನು ಸಂಗ್ರಹಾಲಯಗಳಲ್ಲಿ ಇಣುಕಿ ನೋಡಿದರೆ ಒಳಗಡೆ ಹಳದಿ ಬೆರೆತ ಒಂದು ಹಸಿರು ಕಣ್ಣಿಗೆ ಬೀಳುತ್ತದೆ. ಅದು ಜಿಂಕ್ ಕ್ರೋಮೇಟ್ ಪ್ರೈಮರ್. ತೇವ ತಗುಲಿದರೆ ಅಲ್ಯೂಮಿನಿಯಂ ಮಿಶ್ರಲೋಹ ಒಳಗೊಳಗೇ ತಿಂದುಹೋಗುತ್ತದೆ. ರಿವೆಟ್ ಹೊಡೆದ ಸಂದುಗಳಲ್ಲಿ ಆ ಸವಕಳಿ ಕಣ್ಣಿಗೂ ಬೀಳುವುದಿಲ್ಲ. ಕ್ರೋಮೇಟ್ ಅದನ್ನು ತಡೆಯುತ್ತಿತ್ತು. ಅದರ ಸಹಜ ಬಣ್ಣ ಹಳದಿ. ಬಿಸಿಲಿಗೆ ಬಾಳಿಕೆ ಬರಲೆಂದು ಕಪ್ಪು ಬೆರೆಸಿದಾಗ ಹಸಿರಾಗುತ್ತಿತ್ತು. ಅದನ್ನು ಸಿಂಪಡಿಸಿದ, ಉಜ್ಜಿದ ಕೆಲಸಗಾರರ ಉಸಿರಿಗೆ ಅದರಲ್ಲಿನ ಕ್ರೋಮಿಯಂ ವಿಷ. ಕ್ಯಾನ್ಸರ್ ತರುವ ವಸ್ತುವೆಂದು ಗೊತ್ತಾದ ಮೇಲೆ ಅದರ ಬಳಕೆಗೆ ಕಡಿವಾಣ ಬಿತ್ತು. ವಿಮಾನಗಳ ಚರಿತ್ರೆ ಬರೆಯುವವರು ಎಂಜಿನ್‌ನ ಶಕ್ತಿಯನ್ನು ತಪ್ಪದೆ ದಾಖಲಿಸುತ್ತಾರೆ. ಬಣ್ಣದ ಶೆಡ್ಡಿನಲ್ಲಿ ನಿಂತವರ ಶ್ವಾಸಕೋಶದ ಮಾತು ಆ ಪುಟಗಳಲ್ಲಿ ಬರುವುದು ಅಪರೂಪ. ಅದು ಬರಬೇಕಿತ್ತು.

ಬೆಂಗಳೂರಿನ ಅದೇ ಕಂಪನಿಯಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಹಾರಿದ್ದು 1951ರಲ್ಲಿ. ಅದೂ ಪೂರ್ತಿ ಲೋಹದ್ದೇ. 1958ರಲ್ಲಿ ಬಂದ ಪುಷ್ಪಕ್‌ನ ರೀತಿ ಬೇರೆ: ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆ. ಹೀಗೆ ಹೊದಿಸಿದ ಬಟ್ಟೆಗೆ ಡೋಪ್ ಎಂಬ ದ್ರವ ಬಳಿಯುತ್ತಾರೆ. ಒಣಗುತ್ತ ಅದು ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಬಿಸಿಲಿಗೆ ಎಳೆ ಜೀರ್ಣವಾಗದಿರಲೆಂದು ಮೇಲೊಂದು ಪದರಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸುವುದುಂಟು. ಹಲವು ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಕಲಿತವರಿಗೆ ಪುಷ್ಪಕ್ ಚಿರಪರಿಚಿತ.

ಮನೆಯಲ್ಲೇ ವಿಮಾನ ಕಟ್ಟುವವರ ವಿದ್ಯೆ ಬೆಂಗಳೂರಿಗೆ ಬಂದದ್ದು 1980ರ ದಶಕದಲ್ಲಿ, ಮತ್ತು ಈ ಕಥೆಯ ಅತ್ಯಂತ ಸ್ವಾರಸ್ಯದ ಭಾಗ ಅದು. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದು ಲಾಂಗ್-ಈಜಿ ಎಂಬ ಎರಡು ಸೀಟಿನ ವಿಮಾನದ ನಕ್ಷೆಗಳನ್ನು ಮಾರುತ್ತಿದ್ದರು. ಅದರ ಎಂಜಿನ್ ಹಿಂದೆ, ಕಿರುರೆಕ್ಕೆ ಮುಂದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಆ ವಿನ್ಯಾಸವನ್ನೇ ಆಧರಿಸಿ ಒಂದು ಹಗುರ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಗಾಜಿನ ನಾರು, ಎಪಾಕ್ಸಿ ಅಂಟು, ಫೋಮ್ ಇವುಗಳಿಂದಲೇ ವಿಮಾನ ಕಟ್ಟುವುದು ಹೇಗೆಂದು ಕೈಯಾರೆ ಕಲಿಯಲು ಅದೊಂದು ಪಾಠಶಾಲೆಯಾಯಿತು.

ರುಟಾನ್ ಪದ್ಧತಿಯಲ್ಲಿ ಅಚ್ಚು ಇಲ್ಲ. ಫೋಮ್ ದಿಂಡನ್ನು ಕಾದ ತಂತಿಯಿಂದ ಕೊಯ್ದು, ಅದರ ಮೇಲೆ ಗಾಜಿನ ಬಟ್ಟೆ ಹಾಸಿ ಎಪಾಕ್ಸಿ ಕುಡಿಸುತ್ತಾರೆ. ಹೀಗಾಗಿ ಮೇಲ್ಮೈ ತರಿತರಿಯಾಗಿ, ನೇಯ್ಗೆಯ ಗೆರೆಗಳೊಡನೆ ಉಳಿಯುತ್ತದೆ. ಎಪಾಕ್ಸಿಗೆ ಹಿಟ್ಟಿನಷ್ಟು ನುಣ್ಣಗಿನ ಪೊಳ್ಳು ಗಾಜಿನ ಗುಂಡುಗಳನ್ನು ಬೆರೆಸಿ ಪುಟ್ಟಿ ಹಚ್ಚಬೇಕು, ಉಪ್ಪುಕಾಗದ ಹಿಡಿದು ಉಜ್ಜಬೇಕು, ಮತ್ತೆ ಹಚ್ಚಬೇಕು, ಮತ್ತೆ ಉಜ್ಜಬೇಕು. ಹೊರಮೈಯಲ್ಲಿ ಗಾಳಿ ನಯವಾಗಿ ಜಾರಲು ಇದು ಬೇಕು. ಒಳಗೆ ಗಾಳಿಯ ಹಂಗಿಲ್ಲ, ಹಾಗಾಗಿ ಹಚ್ಚಿದ ಪುಟ್ಟಿಯೆಲ್ಲ ಬರಿ ಹೊರೆ. ಅದಕ್ಕೇ ಅನುಭವಿಗಳು ಒಳಗೆ ಪುಟ್ಟಿ ಬಿಟ್ಟು, ಚುಕ್ಕೆ ಚುಕ್ಕೆಯ ಬಣ್ಣ ಸಿಂಪಡಿಸಿ ನೇಯ್ಗೆಯ ಗೆರೆಗಳನ್ನು ಮರೆಮಾಚುತ್ತಾರೆ. ಮೀಟರ್‌ಗಳ ಮೇಲಿನ ಚಾಚಿಗೆ ಹೊಳಪಿಲ್ಲದ ಕಪ್ಪು, ಇಲ್ಲದಿದ್ದರೆ ಅದರ ಬಿಂಬ ಎದುರಿನ ಗಾಜಿನಲ್ಲಿ ಮೂಡಿ ಪೈಲಟ್‌ನ ದೃಷ್ಟಿಗೆ ಅಡ್ಡ ಬರುತ್ತದೆ. ನೆಲದ ಭಾಗಕ್ಕೆ ತಿಳಿಬಣ್ಣ ಬಳಿದರೆ ಬಿದ್ದ ಸ್ಕ್ರೂ, ಸೋರಿದ ಎಣ್ಣೆ, ಬಿಟ್ಟ ಬಿರುಕು ಬೇಗ ಕಾಣುತ್ತವೆ.

ಹೊರಗೆ ಮಾತ್ರ ಬಿಳಿಯೇ ಬೇಕೆಂದು ರುಟಾನ್ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಶಹಾಬಾದ್, ವಾಡಿಯ ಬೇಸಿಗೆ ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಗಾಢ ಬಣ್ಣ ಬಳಿದ ಮೈ ಬಿಸಿಲಿನಲ್ಲಿ ಕಾದರೆ ಒಳಗಿನ ಎಪಾಕ್ಸಿ ಮೆತ್ತಗಾಗತೊಡಗುತ್ತದೆ. ಅಂಥ ರೆಕ್ಕೆಯನ್ನು ನಂಬುವಂತಿಲ್ಲ.

ಬಣ್ಣ ಒಣಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ವಿಮಾನವನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ ಮತ್ತೆ ತೂಗುತ್ತಾರೆ, ಭಾರದ ಕೇಂದ್ರ ಎಲ್ಲಿದೆಯೆಂದು ಲೆಕ್ಕ ಹಾಕುತ್ತಾರೆ. ರೆಕ್ಕೆಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳ ಸಮತೋಲವನ್ನೂ ಹೊಸದಾಗಿ ಪರೀಕ್ಷಿಸುತ್ತಾರೆ. ಕೀಲಿನ ಹಿಂಬದಿಗೆ ಬಣ್ಣ ತುಸು ಹೆಚ್ಚಾದರೂ ವೇಗದಲ್ಲಿ ಆ ಪಟ್ಟಿ ನಡುಗಿ ಮುರಿದುಹೋಗುವ ಅಪಾಯವಿದೆ.

ಲಾಂಗ್-ಈಜಿಯ ಆ ಪಾಠದ ನಂತರ, ಫೈಬರ್‌ಗ್ಲಾಸ್ ಮೈಯ ಹಂಸ ತರಬೇತಿ ವಿಮಾನವನ್ನು ಎನ್‌ಎಎಲ್ 1990ರ ದಶಕದಲ್ಲಿ ಹಾರಿಸಿತು. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿತು. ಅದರಲ್ಲಿ ಹಳೆಯ ಮುಳ್ಳಿನ ಮೀಟರ್‌ಗಳ ಬದಲು ಡಿಜಿಟಲ್ ಪರದೆಗಳಿವೆ. ಕಲಿಯುವವನೂ ಕಲಿಸುವವನೂ ಅಕ್ಕಪಕ್ಕ ಕೂತು ಅವನ್ನೇ ನೋಡುತ್ತಾರೆ.