ದೀಪಸ್ತಂಭದ ತಾಳ

ಉಡುಪಿ ಕಡೆಯವರಿಗೆ ‘ಎಂಐಟಿ’ ಎಂದರೆ ಒಂದೇ ಅರ್ಥ. 1957ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಶುರುವಾದ ಇಂಜಿನಿಯರಿಂಗ್ ಕಾಲೇಜು ಅದು. ಬಸ್ಸಿನ ಕಂಡಕ್ಟರ್ ‘ಎಂಐಟಿ, ಎಂಐಟಿ’ ಎಂದು ಕೂಗಿದರೆ ಇಳಿಯುವವರು ಎದ್ದು ನಿಲ್ಲುತ್ತಾರೆ. ಹಾಗಾಗಿ, ‘ಈ ಸ್ಕ್ರ್ಯಾಚ್ ಎಂಬುದನ್ನು ಎಂಐಟಿಯಲ್ಲಿ ಮಾಡಿದ್ದು’ ಎಂದು ನಾನು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ, ‘ಹಾಗಾದ್ರೆ ಒಮ್ಮೆ ಹೋಗಿ ನೋಡಿ ಬರುವನಾ ಟೀಚರೇ?’ ಎಂದು ಕೇಳಿದ್ದರಲ್ಲಿ ತಮಾಷೆ ಏನೂ ಇರಲಿಲ್ಲ. ನಾನು ಹೇಳಿದ್ದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಎಂಐಟಿ. ಹೆಸರು ಒಂದೇ, ನಡುವೆ ಎರಡು ಸಮುದ್ರ.

ಸ್ಕ್ರ್ಯಾಚ್ ಎಂದರೇನೆಂದು ಕೇಳುವ ಗೆಳತಿಯರಿಗೆ ನಾನು ಹೂ ಕಟ್ಟುವ ಉದಾಹರಣೆ ಕೊಡುತ್ತೇನೆ. ಕಂಪ್ಯೂಟರಿಗೆ ಕೆಲಸ ಹೇಳಬೇಕಾದರೆ ಮೊದಲೆಲ್ಲ ಸಾಲುಸಾಲು ಇಂಗ್ಲಿಷ್ ಬರೆಯಬೇಕಿತ್ತು. ಒಂದು ಚುಕ್ಕಿ ತಪ್ಪಿದರೂ ಯಂತ್ರ ಮುಷ್ಕರ ಹೂಡುತ್ತಿತ್ತು. ಇದರಲ್ಲಿ ಹಾಗಿಲ್ಲ. ‘ಹತ್ತು ಹೆಜ್ಜೆ ನಡೆ’, ‘ಒಂದು ಸೆಕೆಂಡು ಕಾಯಿ’, ‘ಇದನ್ನೇ ಮತ್ತೆ ಮಾಡು’ ಎಂಬ ಬಣ್ಣದ ತುಂಡುಗಳಿರುತ್ತವೆ. ಅವನ್ನು ಎಳೆದು ತಂದು ಒಂದರ ಕೆಳಗೊಂದು ಸಿಕ್ಕಿಸುತ್ತ ಹೋದರಾಯಿತು, ಮಾಲೆಯಾಗುತ್ತದೆ. ಸಿಕ್ಕದ ತುಂಡು ಸಿಕ್ಕುವುದೇ ಇಲ್ಲ.

ಇದರ ಹಿಂದೆ ಒಂದು ಸಣ್ಣ ಚರಿತ್ರೆ ಉಂಟು, ನಮ್ಮ ಬಿ.ಎಡ್. ಪುಸ್ತಕದಿಂದಲೇ ಶುರುವಾಗುವಂಥದು. ಪಿಯಾಜೆಯ ನಾಲ್ಕು ಹಂತಗಳನ್ನು ಬಾಯಿಪಾಠ ಮಾಡದ ಶಿಕ್ಷಕಿ ಈ ದೇಶದಲ್ಲಿ ಇರಲಾರಳು. ಆ ಪಿಯಾಜೆಯ ಬಳಿ ಜಿನೀವಾದಲ್ಲಿ 1958ರಿಂದ 1963ರವರೆಗೆ ಇದ್ದವರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ ಸೀಮೋರ್ ಪ್ಯಾಪರ್ಟ್. ನಾವು ಪಿಯಾಜೆಯನ್ನು ಪರೀಕ್ಷೆಗೆ ಬರೆದು ಮರೆತೆವು. ಪ್ಯಾಪರ್ಟ್ ಅದನ್ನು ಕಂಪ್ಯೂಟರಿಗೆ ಒಯ್ದರು. ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುವುದಾದರೆ, ಕಂಪ್ಯೂಟರು ಮಗುವಿಗೆ ಪಾಠ ಹೇಳುವುದಲ್ಲ, ಮಗುವೇ ಕಂಪ್ಯೂಟರಿಗೆ ಪಾಠ ಹೇಳಲಿ ಎಂದರು. 1967ರಲ್ಲಿ ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮುಂತಾದವರ ಜೊತೆ ಸೇರಿ ‘ಲೋಗೊ’ ಎಂಬ ಭಾಷೆಯನ್ನು ಮಾಡಿದರು. ಅದರಲ್ಲಿ ಒಂದು ಆಮೆ. ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದರೆ ಆಮೆ ನಡೆದಲ್ಲೆಲ್ಲ ಗೆರೆ. ಚೌಕ ಬರಬೇಕಾದರೆ ಮಗು ತಾನೇ ಎದ್ದು ಚೌಕಾಕಾರವಾಗಿ ನಡೆದು ನೋಡಬೇಕು. ಈ ಚರಿತ್ರೆಯಲ್ಲಿ ಸಿಂಥಿಯಾ ಸಾಲೊಮನ್ ಹೆಸರು ಸಾಧಾರಣವಾಗಿ ಕೊನೆಗೆ ಬರುತ್ತದೆ. ಮಕ್ಕಳ ಜೊತೆ ತರಗತಿಯಲ್ಲಿ ಕೂತು ಕಲಿಸಿದವರಲ್ಲಿ ಆಕೆ ಮೊದಲಿಗರು. ಯಾಕೆ ಹಾಗಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಬಂದದ್ದು 1984ರ ‘ಕ್ಲಾಸ್’ ಯೋಜನೆಯಲ್ಲಿ, ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಯಂತ್ರಗಳ ರೂಪದಲ್ಲಿ. ಬಂದದ್ದೇನೋ ಬಂತು, ಆಯ್ದ ಕೆಲವೇ ಶಾಲೆಗಳಿಗೆ. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಬರುವಾಗ ಹೊಸ ಶತಮಾನ ಹುಟ್ಟಿಯಾಗಿತ್ತು. ಅಷ್ಟರೊಳಗೆ ನಮ್ಮ ಊರಿನಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. ಮಣಿಪಾಲದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಉಚ್ಚಾರದಂತೆ ಮೂಡಿಸುವ ದಾರಿ ಕಂಡುಹಿಡಿದು, ಆ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ದುಡ್ಡು ಕೇಳದೆ ಹಂಚಿದ್ದರು. ಇಂದು ನಾವು ‘ಕಗಪ’ ಎನ್ನುವ ಕೀಲಿಮಣೆಯ ಬೇರು ಅಲ್ಲಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು ಲೋಗೊವನ್ನೇ ಕನ್ನಡಕ್ಕೆ ತಂದರು. ಪ್ಯಾಪರ್ಟರ ಆಮೆ ಕನ್ನಡದ ಮಾತು ಕೇಳಿ ನಡೆಯಿತು. ಇದೊಂದು ದೊಡ್ಡ ಸುದ್ದಿ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ಅದು ಎಷ್ಟು ತರಗತಿಗಳ ಬಾಗಿಲು ದಾಟಿತು ಎಂದು ಕೇಳಿದರೆ ನನ್ನಂಥವರು ಸುಮ್ಮನಿರಬೇಕಾಗುತ್ತದೆ.

ಪ್ಯಾಪರ್ಟರ ಶಿಷ್ಯ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡ ಸ್ಕ್ರ್ಯಾಚನ್ನು ಲೋಕಕ್ಕೆ ಕೊಟ್ಟದ್ದು 2007ರ ಮೇ ತಿಂಗಳಲ್ಲಿ. ನಮ್ಮ ಶಾಲೆಗೆ ಅದು ತಲಪಿದ್ದು 2011ರಲ್ಲಿ, ಮಣಿಪಾಲದಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗನ ಪೆನ್‌ಡ್ರೈವ್‌ನಲ್ಲಿ. ಕಲಿಸಲು ನನಗೆ ಭಯವಿತ್ತು, ನಾನೇನು ವಿಜ್ಞಾನ ಓದಿದವಳಲ್ಲ. ಆದರೆ ತೆರೆದು ನೋಡಿದರೆ ಅಲ್ಲಿರುವುದೆಲ್ಲ ಪರಿಚಿತ. ಆಡುವ ಜಾಗಕ್ಕೆ ಅವರು ‘ಸ್ಟೇಜ್’ ಎನ್ನುತ್ತಾರೆ, ಬೊಂಬೆಯ ರೂಪ ಬದಲಿಸುವುದಕ್ಕೆ ‘ಕಾಸ್ಟ್ಯೂಮ್’ ಎನ್ನುತ್ತಾರೆ. ರಂಗಸ್ಥಳ, ವೇಷ! ಒಂದು ಬೊಂಬೆ ಉಳಿದವಕ್ಕೆಲ್ಲ ಸಂದೇಶ ಕೊಡುವ ತುಂಡೊಂದಿದೆ. ಮಕ್ಕಳು ಅದಕ್ಕೆ ‘ಭಾಗವತ’ ಎಂದೇ ಹೆಸರಿಟ್ಟರು. ಭಾಗವತರು ಪದ್ಯ ಎತ್ತಿದರೆ ತಾನೇ ವೇಷ ಚೌಕಿಯಿಂದ ಹೊರಡುವುದು? ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಮಕ್ಕಳಿಗೆ ಇದನ್ನು ಬೇರೆ ಕಲಿಸಬೇಕಾಗಲಿಲ್ಲ.

ಕಾರ್ಕಳದಿಂದ ಬರುತ್ತಿದ್ದ ಹುಡುಗ ಗೊಮ್ಮಟನ ಮಸ್ತಕಾಭಿಷೇಕ ಮಾಡುತ್ತೇನೆಂದ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, 42 ಅಡಿ ಎತ್ತರದ ಏಕಶಿಲೆ. ಸ್ಕ್ರ್ಯಾಚಿನ ರಂಗಸ್ಥಳವೋ 480 ಚುಕ್ಕಿ ಅಗಲ, 360 ಚುಕ್ಕಿ ಎತ್ತರ, ಅಷ್ಟೆ. ಗೊಮ್ಮಟ ನಿಂತರೆ ಅಟ್ಟಳಿಗೆಗೆ ಜಾಗವಿಲ್ಲ, ಅಟ್ಟಳಿಗೆ ನಿಂತರೆ ಗೊಮ್ಮಟ ಗಿಡ್ಡ. ಎರಡು ವಾರ ಒದ್ದಾಡಿದ. ಪಾಠದಲ್ಲಿ ನಾನು ಮೂರು ವರ್ಷದಿಂದ ತುರುಕಿದರೂ ತಲೆಗೆ ಹತ್ತದ ಪ್ರಮಾಣದ ಲೆಕ್ಕ ಆ ಎರಡು ವಾರದಲ್ಲಿ ಹತ್ತಿತು.

ಇನ್ನು ಪ್ರಯೋಗದ ವಿಷಯ. ಆಗಿನ ಸ್ಕ್ರ್ಯಾಚನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ಆಟ ಕಟ್ಟಬೇಕಿತ್ತು. ಕಟ್ಟಿದ ಮೇಲೆ ಜಾಲತಾಣಕ್ಕೆ ಏರಿಸಿದರೆ ಲೋಕದವರೆಲ್ಲ ನೋಡಬಹುದಿತ್ತು. ನೋಡಲು ಒಂದು ‘ವೀಕ್ಷಕ’ ಬೇಕು. ಕಟ್ಟುವ ತಂತ್ರಾಂಶವನ್ನು ಬರೆದದ್ದು ಸ್ಕ್ವೀಕ್ ಎಂಬ ಭಾಷೆಯಲ್ಲಿ. ಜಾಲದಲ್ಲಿ ತೋರಿಸುವ ವೀಕ್ಷಕ ಜಾವಾದಲ್ಲಿ. ಒಂದೇ ಪ್ರಸಂಗವನ್ನು ಎರಡು ಮೇಳ ಆಡಿದ ಹಾಗೆ. 2013ರ ಹೊಸ ಆವೃತ್ತಿಗೆ ಮುಂಚೆ ಫ್ಲ್ಯಾಷ್‌ನಲ್ಲಿ ಬರೆದ ಮೂರನೆಯ ಮೇಳವೊಂದನ್ನು ಪ್ರಯೋಗಕ್ಕೆಂದು ಬಿಟ್ಟರು. ಬೇಕಾದವರು ಅದರಲ್ಲಿ ತಮ್ಮ ಆಟ ನೋಡಿ, ಹಳೆಯದರೊಂದಿಗೆ ಹೋಲಿಸಬಹುದಿತ್ತು. ಪ್ರಸಂಗ ಅದೇ, ಪದ್ಯ ಅದೇ. ನಡೆ ಅದೇ ಇದೆಯೇ ಎಂಬುದು ಪ್ರಶ್ನೆ.

2012ರ ಮಳೆಗಾಲದಲ್ಲಿ ನಾವು ಇದಕ್ಕೆ ಕೂತೆವು. ಒಂದು ದಪ್ಪ ನೋಟ್‌ಪುಸ್ತಕದಲ್ಲಿ ಮೂರು ಗೆರೆ ಎಳೆದು ಮೂರು ಅಂಕಣ ಮಾಡಿದೆವು. ಬಣ್ಣ, ಶಬ್ದ, ವೇಗ, ಅಕ್ಷರ ಎಂದು ಒಂದೊಂದನ್ನೇ ನೋಡಿ ಬರೆಯುವುದು. ಕನ್ನಡದ ಅಕ್ಷರಕ್ಕೆ ಮೊದಲು ನಮ್ಮ ಯಂತ್ರವನ್ನೇ ಸಿದ್ಧ ಮಾಡಬೇಕಾಯಿತು. ಆ ಕಾಲದ ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಲಿಪಿಗಳ ಸೌಕರ್ಯವನ್ನು ಬೇರೆಯಾಗಿ ಸೇರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಮುನಿಸಿಕೊಂಡು ನಿಲ್ಲುತ್ತಿದ್ದವು.

ಕಾಪುವಿನ ಹುಡುಗಿಯೊಬ್ಬಳು ದೀಪಸ್ತಂಭ ಮಾಡಿದ್ದಳು. ಕಾಪುವಿನ ದೀಪಸ್ತಂಭ 1901ರದು, ನೀವೂ ನೋಡಿರುತ್ತೀರಿ, ಬಂಡೆಯ ಮೇಲೆ ಒಂಟಿಯಾಗಿ ನಿಂತದ್ದು. ಅವಳು ಮನೆಯ ಜಗಲಿಯಲ್ಲಿ ಕೂತು ಬೆಳಕು ಬರುವುದನ್ನೂ ಹೋಗುವುದನ್ನೂ ಎಣಿಸಿ, ಅದೇ ಲೆಕ್ಕದಲ್ಲಿ ಕಟ್ಟಿದ್ದಳು. ಹಳೆಯ ವೀಕ್ಷಕದಲ್ಲೂ ಹೊಸದರಲ್ಲೂ ದೀಪ ಹೊತ್ತಿತು, ಆರಿತು, ಕಡಲೂ ಅಲೆಯಾಡಿತು. ನನಗೆ ಚಂದವೇ ಕಂಡಿತು. ಅವಳು ಮಾತ್ರ ತಲೆ ಅಲ್ಲಾಡಿಸಿದಳು.

‘ಇದು ಕಾಪು ಅಲ್ಲ ಟೀಚರೇ.’

‘ಎಂತಕ್ಕೆ? ಬಂಡೆ ಉಂಟಲ್ಲ?’

‘ಬಂಡೆ ರಾತ್ರಿ ಕಾಣುದಿಲ್ಲ. ಬೆಳಕಿನ ತಾಳ ನೋಡಿಯೇ ನಮ್ಮ ಅಜ್ಜ ಇದು ಕಾಪು ಅಂತ ಹೇಳುದು. ತಾಳ ತಪ್ಪಿದ್ರೆ ಬೇರೆ ಊರು ಆಗ್ತದೆ.’

ಮಾತು ನಿಜ. ಕರಾವಳಿಯುದ್ದಕ್ಕೂ ಒಂದೊಂದು ದೀಪಕ್ಕೆ ಒಂದೊಂದು ಮಿಣುಕಿನ ಲೆಕ್ಕ ಇರುವುದೇ ಅದಕ್ಕೆ, ಕತ್ತಲಲ್ಲಿ ದೋಣಿಯವನು ಊರು ತಪ್ಪಬಾರದೆಂದು. ಅವಳಿಗೆ ವೇಗ ಎಂಬುದು ಆಟದ ಅಂದಚಂದದ ವಿಷಯವಾಗಿರಲಿಲ್ಲ.

ತಪ್ಪು ಎಲ್ಲಿ? ಹೊಸ ವೀಕ್ಷಕದಲ್ಲೇ? ನಮ್ಮ ಮುದಿ ಯಂತ್ರದಲ್ಲೇ? ಅವಳು ಕಟ್ಟಿದ ಮಾಲೆಯಲ್ಲೇ? ಸಾರಿಗೆ ರುಚಿ ಕೆಟ್ಟರೆ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಹಾಕುವವಳಿಗೆ ಕೊನೆಗೂ ಕಾರಣ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಎಂದೆವು. ಅದೇ ಆಟವನ್ನು ಮಣಿಪಾಲದಲ್ಲಿ ಅಕ್ಕನ ಮಗನ ಹೊಸ ಕಂಪ್ಯೂಟರಿನಲ್ಲಿ ನೋಡಿದೆವು, ಕೈಗಡಿಯಾರ ಹಿಡಿದು. ಅಲ್ಲಿ ದೀಪ ಅವಸರ ಮಾಡಿತು. ಅಂದರೆ ಯಂತ್ರದ ಪಾಲೂ ಉಂಟು. ಆಮೇಲೆ ಅವಳ ಮಾಲೆಯನ್ನು ಬಿಚ್ಚಿ ನೋಡಿದಾಗ ಗುಟ್ಟು ಸಿಕ್ಕಿತು. ದೀಪ ಆರುವುದನ್ನು ಅವಳು ‘ಸ್ವಲ್ಪ ಮಸುಕಾಗು’ ಎಂಬುದನ್ನು ಇಪ್ಪತ್ತು ಸಲ ಮಾಡಿಸಿ ಸಾಧಿಸಿದ್ದಳು. ಆ ಇಪ್ಪತ್ತು ಸುತ್ತು ಎಷ್ಟು ಹೊತ್ತಿನಲ್ಲಿ ಮುಗಿಯಬೇಕೆಂದು ಎಲ್ಲೂ ಹೇಳಿರಲಿಲ್ಲ. ವೀಕ್ಷಕ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೋ ಅದಕ್ಕೆ ತಕ್ಕಂತೆ ಸುತ್ತು ಮುಗಿಯುತ್ತದೆ. ಮೇಳ ಬದಲಾದರೆ ಅದೂ ಬದಲು. ‘ಇಷ್ಟು ಸೆಕೆಂಡು ಕಾಯಿ’ ಎಂಬ ತುಂಡು ಹಾಗಲ್ಲ, ಅದು ಗಡಿಯಾರವನ್ನೇ ಕೇಳುತ್ತದೆ. ಹುಡುಗಿ ಸುತ್ತುಗಳನ್ನು ಕಿತ್ತು ಕಾಯುವ ತುಂಡುಗಳನ್ನು ಹಾಕಿದಳು. ಬೆಳಕು ಮೊದಲಿನಷ್ಟು ನಯವಾಗಿ ಆರಲಿಲ್ಲ, ಆದರೆ ಮೂರು ಕಡೆಯೂ ಒಂದೇ ತಾಳ.

ಅವಳ ಈ ಹಟಕ್ಕೆ ಇನ್ನೊಂದು ಕಾರಣವಿತ್ತೆಂದು ನನಗೆ ತಿಳಿದದ್ದು ಆಮೇಲೆ. ಅಪ್ಪ ಮುಂಬಯಿಯಲ್ಲಿ ಹೋಟೆಲಿನ ಕೆಲಸಕ್ಕಿದ್ದರು, ಊರಿಗೆ ಬರುವುದು ವರ್ಷಕ್ಕೊಮ್ಮೆ. ತಂತ್ರಾಂಶವನ್ನೇ ಹಾಕಿಕೊಂಡು ನೋಡಿ ಎಂದರೆ ಸೈಬರ್ ಕೆಫೆಯವರು ಬಿಡುತ್ತಾರೆಯೇ? ಜಾಲದ ವೀಕ್ಷಕವಾದರೆ ವಿಳಾಸವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ನಮ್ಮ ಜಿಲ್ಲೆಯಲ್ಲಿ ಮುಂಬಯಿಯಲ್ಲೋ ಗಲ್ಫಿನಲ್ಲೋ ಒಬ್ಬರಾದರೂ ಇಲ್ಲದ ಮನೆ ಹುಡುಕಬೇಕು. ‘ವೀಕ್ಷಕ’ ಎಂಬ ಶುಷ್ಕ ಪದಕ್ಕೆ ಇಲ್ಲಿ ಯಾವ ಅರ್ಥ ಬರುತ್ತದೆಂದು ಅದನ್ನು ಬರೆದವರಿಗೆ ಗೊತ್ತಿತ್ತೋ ಏನೋ.

2013ರ ಮೇಯಲ್ಲಿ ಸ್ಕ್ರ್ಯಾಚಿನ ಎರಡನೆಯ ಆವೃತ್ತಿ ಬಂತು, ಪೂರಾ ಫ್ಲ್ಯಾಷ್‌ನದು. ಅದರ ಭಾಷೆಗಳ ಪಟ್ಟಿಯಲ್ಲಿ ಪ್ರತಿಯೊಂದು ಭಾಷೆಯೂ ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಹೇಳಿಕೊಳ್ಳುತ್ತಿತ್ತು. ‘ಕನ್ನಡ’ ಎಂದಿರಬೇಕಾದಲ್ಲಿ ‘ಭಾಷೆ-ಹೆಸರು’ ಎಂದಿತ್ತು! ‘ಇಲ್ಲಿ ನಿಮ್ಮ ಭಾಷೆಯ ಹೆಸರು ಬರೆಯಿರಿ’ ಎಂಬುದನ್ನು ಯಾರೋ ಪುಣ್ಯಾತ್ಮರು ನಿಷ್ಠೆಯಿಂದ ಅನುವಾದಿಸಿಬಿಟ್ಟಿದ್ದರು. ಮಕ್ಕಳು ನಕ್ಕೂ ನಕ್ಕೂ ಸುಸ್ತಾದರು. ನನಗೆ ನಗುವಿನ ಜೊತೆ ಸ್ವಲ್ಪ ಸಂಕಟವೂ ಆಯಿತು. ಅದನ್ನು ತಿದ್ದುವಷ್ಟು ಹೊತ್ತು ಕನ್ನಡದ ಯಾವ ಮೇಷ್ಟ್ರೂ ಟೀಚರೂ ಆ ಪಟ್ಟಿಯ ಮುಂದೆ ಕೂತಿರಲಿಲ್ಲವಲ್ಲ ಎಂದು. ಗಡಿಯಾಚೆ ಕಾಸರಗೋಡಿನಲ್ಲಿರುವ ನನ್ನ ನಾದಿನಿಯ ಶಾಲೆಯಲ್ಲಿ ಸ್ಥಿತಿ ಬೇರೆ. ಕೇರಳ ಸರಕಾರದ ಐಸಿಟಿ ಪುಸ್ತಕ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ, ಸ್ಕ್ರ್ಯಾಚಿನ ಪಾಠವೂ ಸೇರಿ. ಕನ್ನಡದ ರಾಜ್ಯದಲ್ಲಿದ್ದುಕೊಂಡು ಅದನ್ನು ಎರವಲು ತಂದು ಓದಿಸಿದೆ.

2019ರ ಜನವರಿಯಲ್ಲಿ ಮೂರನೆಯ ಆವೃತ್ತಿ ಬಂತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಷ್ ಎಂಬುದೇ ನಿಂತುಹೋಯಿತು. ಜಾವಾ ವೀಕ್ಷಕವೂ ಹೋಗಿ, ಪ್ರಯೋಗದ ವೀಕ್ಷಕವೂ ಹೋಗಿ, ನಾವು ಮೂರು ಅಂಕಣದಲ್ಲಿ ಬರೆದದ್ದರಲ್ಲಿ ಎರಡು ಮೇಳಗಳು ಈಗ ಚರಿತ್ರೆ. ಆಟಗಳು ಮಾತ್ರ ಉಳಿದಿವೆ, ಹಳೆಯ ಕಡತಗಳನ್ನು ಹೊಸ ಸ್ಕ್ರ್ಯಾಚ್ ತೆರೆಯುತ್ತದೆ. ಕಳೆದ ವರ್ಷ ದೀಪಸ್ತಂಭವನ್ನು ತೆರೆದು ಕೈಗಡಿಯಾರ ಹಿಡಿದು ಎಣಿಸಿದೆ. ತಾಳ ಸರಿ ಇತ್ತು.

ಅಪ್ಪ ಅದನ್ನು ನೋಡಿದ್ದರಂತೆ, ಅದೇ ವರ್ಷ, ಅಂಧೇರಿಯ ಒಂದು ಕೆಫೆಯಲ್ಲಿ ಅರ್ಧ ಗಂಟೆಗೆ ದುಡ್ಡು ಕೊಟ್ಟು. ಫೋನಿನಲ್ಲಿ ಹೇಳಿದ್ದಿಷ್ಟೇ ಎಂದು ಹುಡುಗಿ ನನಗೆ ವರದಿ ಒಪ್ಪಿಸಿದಳು: ದೀಪ ನಮ್ಮದೇ, ಕಡಲಿಗೆ ನೀಲಿ ಸ್ವಲ್ಪ ಜಾಸ್ತಿಯಾಯಿತು, ಆಷಾಢದಲ್ಲಿ ಹಾಗೆ ಇರುವುದಿಲ್ಲ.