ಪೊಲೀಸರನ್ನು ಆರಿಸುವುದು ಹೇಗೆ?



ನಿಮ್ಮಲ್ಲಿ ಕೆಲವರು ಓದು ಮುಗಿಸಿದ ಮೇಲೆ ಪೊಲೀಸ್ ಇಲಾಖೆಗೆ ಅರ್ಜಿ ಹಾಕಬಹುದು. ಆಗ ಮೈದಾನದಲ್ಲಿ ಓಡಬೇಕು, ಎತ್ತರ ಅಳೆಸಿಕೊಳ್ಳಬೇಕು, ಲಿಖಿತ ಪರೀಕ್ಷೆ ಬರೆಯಬೇಕು, ವೈದ್ಯರ ಮುಂದೆ ನಿಲ್ಲಬೇಕು. ಕೊನೆಗೆ ನಿಮ್ಮ ನಡತೆಯ ಬಗ್ಗೆ ಠಾಣೆಯಿಂದ ವರದಿ ಹೋಗಬೇಕು. ಇಷ್ಟೆಲ್ಲ ಏಕೆ ಎಂದು ಯೋಚಿಸಿದ್ದೀರಾ? ಲಾಠಿಯನ್ನೂ ಬಂಧಿಸುವ ಅಧಿಕಾರವನ್ನೂ ಯಾರ ಕೈಗೆ ಕೊಡಬಹುದು ಎಂಬುದು ಸರ್ಕಾರಗಳಿಗೆ ಬಹಳ ಹಳೆಯ ತಲೆನೋವು. ಅದಕ್ಕೆ ಉತ್ತರ ಹುಡುಕಿದವರ ಕಥೆಯನ್ನು ಈಗ ನೋಡೋಣ.

ಲಂಡನ್, 1829

ಆ ವರ್ಷದವರೆಗೆ ಲಂಡನ್ನಿನ ಬೀದಿಗಳನ್ನು ರಾತ್ರಿ ಹೊತ್ತು ಕಾಯುತ್ತಿದ್ದವರು ಬಹುಮಟ್ಟಿಗೆ ಆಯಾ ಬಡಾವಣೆಯ ಚರ್ಚ್ ಆಡಳಿತ ನೇಮಿಸಿದ ಕಾವಲುಗಾರರು. ಗೃಹಮಂತ್ರಿ ರಾಬರ್ಟ್ ಪೀಲ್ ಇಡೀ ನಗರಕ್ಕೆ ಒಂದೇ ಪೊಲೀಸ್ ಪಡೆ ಬೇಕೆಂದು ಕಾಯಿದೆ ತಂದ. ಅದನ್ನು ಕಟ್ಟುವ ಹೊಣೆ ಇಬ್ಬರ ಮೇಲೆ ಬಿತ್ತು. ಒಬ್ಬ ವಾಟರ್‌ಲೂ ಯುದ್ಧದಲ್ಲಿ ಹೋರಾಡಿದ್ದ ಚಾರ್ಲ್ಸ್ ರೋವನ್, ಇನ್ನೊಬ್ಬ ಬ್ಯಾರಿಸ್ಟರ್ ರಿಚರ್ಡ್ ಮೇನ್.

ಇವರು ಹಾಕಿದ ಷರತ್ತುಗಳನ್ನು ಗಮನಿಸಿ. ವಯಸ್ಸು 35ಕ್ಕಿಂತ ಕಡಿಮೆ ಇರಬೇಕು. ಎತ್ತರ ಕನಿಷ್ಠ 5 ಅಡಿ 7 ಅಂಗುಲ. ಆರೋಗ್ಯ ಚೆನ್ನಾಗಿರಬೇಕು. ಓದು ಬರಹ ಬರಬೇಕು. ಒಳ್ಳೆಯ ನಡತೆಯವನೆಂದು ಬಲ್ಲವರು ಹೇಳಬೇಕು. ವಾರದ ಸಂಬಳ 21 ಷಿಲಿಂಗ್. ದೊಡ್ಡ ಮನೆತನದವರು ನೇರವಾಗಿ ಮೇಲಿನ ಹುದ್ದೆಗೆ ಬಂದು ಕೂರುವುದು ಪೀಲ್‌ಗೆ ಬೇಕಿರಲಿಲ್ಲ. ಕೆಳಗಿನಿಂದ ದುಡಿದು ಮೇಲೇರುವವರು ಅವನಿಗೆ ಬೇಕಿತ್ತು.

1829ರ ಸೆಪ್ಟೆಂಬರ್ 29ರ ಸಂಜೆ ನೀಲಿ ಕೋಟು ತೊಟ್ಟ ಹೊಸ ಪೊಲೀಸರು ಬೀದಿಗಿಳಿದರು. ಆಮೇಲೆ ಆದದ್ದನ್ನು ಕೇಳಿದರೆ ನಿಮಗೆ ನಗು ಬಂದೀತು. ನೇಮಕದ ಪಟ್ಟಿಯಲ್ಲಿ ಒಂದನೇ ನಂಬರು ಪಡೆದಿದ್ದವನೇ ಮೊದಲ ದಿನವೇ ಕುಡಿದು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ! ಮೊದಲು ಸೇರಿದವರಲ್ಲಿ ಬಹುಪಾಲು ಮಂದಿ ಕೆಲವೇ ವರ್ಷಗಳಲ್ಲಿ ಪಡೆಯಿಂದ ಹೊರಬಿದ್ದರು. ವಜಾ ಆದವರ ಮೇಲಿದ್ದ ದೂರಿನಲ್ಲಿ ಕುಡಿತವೇ ಮುಖ್ಯ. ಎತ್ತರ, ವಯಸ್ಸು, ಅಕ್ಷರ ಎಲ್ಲವೂ ಸರಿಯಿದ್ದವರೇ ಇವರು. ಸೇರಿಸಿಕೊಳ್ಳುವಾಗ ತಿಳಿಯದ ಗುಣ ಕೆಲಸಕ್ಕಿಳಿದ ಮೇಲೆ ತಿಳಿಯಿತು.

ಬುದ್ಧಿಯನ್ನು ಅಳೆಯುವ ಆಸೆ

ಈಗ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬನ್ನಿ. ಬರ್ಕ್ಲಿ ಪಟ್ಟಣದಲ್ಲಿ ಅಂಚೆ ಹಂಚುತ್ತಿದ್ದ ಆಗಸ್ಟ್ ವೋಲ್ಮರ್ 1905ರಲ್ಲಿ ಚುನಾವಣೆ ಗೆದ್ದು ಪಟ್ಟಣದ ಪೊಲೀಸ್ ಮುಖ್ಯಸ್ಥನಾದ. ತಾನು ಹೆಚ್ಚು ಶಾಲೆ ಕಲಿತಿರದಿದ್ದರೂ ಪೊಲೀಸರು ಓದಬೇಕೆಂಬುದು ಅವನ ಹಟ. 1908ರಲ್ಲಿ ಪೊಲೀಸ್ ಶಾಲೆ ತೆರೆದ. ವಿಶ್ವವಿದ್ಯಾನಿಲಯದ ಹುಡುಗರನ್ನು ಕೆಲಸಕ್ಕೆ ಕರೆದ. ನೇಮಕಕ್ಕೆ ಬುದ್ಧಿಮತ್ತೆಯ ಪರೀಕ್ಷೆಯನ್ನೂ ತಂದ. ಕರಿಯರಿಗೆ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ, 1919ರಲ್ಲಿ, ವಾಲ್ಟರ್ ಗಾರ್ಡನ್ ಎಂಬ ಕರಿಯ ತರುಣನನ್ನು ಪೊಲೀಸನನ್ನಾಗಿ ಮಾಡಿದ. ಪೊಲೀಸ್ ಕೆಲಸದ ಜೊತೆಗೇ ಕಾನೂನು ಓದಿದ ಗಾರ್ಡನ್ ಮುಂದೆ ವರ್ಜಿನ್ ದ್ವೀಪಗಳ ಗವರ್ನರ್ ಆದರು.

ಹತ್ತಿರದ ಸ್ಯಾನ್ ಹೋಸೆಯಲ್ಲಿ 1916ರಲ್ಲಿ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಪೊಲೀಸ್ ಮತ್ತು ಅಗ್ನಿಶಾಮಕ ಕೆಲಸಕ್ಕೆ ಬಂದಿದ್ದ 30 ಮಂದಿಯ ಬುದ್ಧಿ ಅಳೆದ. ಸರಾಸರಿ ಅಂಕ 84 ಬಂತು. ಅವರಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದವರೇ ಕಡಿಮೆ. ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ಆ ಪರೀಕ್ಷೆ ಅಳೆದದ್ದು ಬುದ್ಧಿಯನ್ನೋ, ಶಾಲೆಗೆ ಹೋಗುವ ಅವಕಾಶವನ್ನೋ?

ಸುಳ್ಳು ಹಿಡಿಯುವ ಯಂತ್ರ

ವೋಲ್ಮರನ ಪಡೆಯಲ್ಲೇ ಇದ್ದ ಜಾನ್ ಲಾರ್ಸನ್ 1921ರಲ್ಲಿ ಒಂದು ಯಂತ್ರ ಜೋಡಿಸಿದ. ಪ್ರಶ್ನೆ ಕೇಳುವಾಗ ರಕ್ತದ ಒತ್ತಡ, ನಾಡಿ, ಉಸಿರಾಟ ಏರಿಳಿಯುವುದನ್ನು ಅದು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಮುಂದೆ ಅಮೆರಿಕದ ಹಲವು ಪೊಲೀಸ್ ಇಲಾಖೆಗಳು ಅರ್ಜಿದಾರರನ್ನೂ ಇಂಥ ಯಂತ್ರದ ಮುಂದೆ ಕೂರಿಸಿದವು.

ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಈ ಯಂತ್ರದ ಬಗ್ಗೆ ವರದಿ ಕೊಟ್ಟಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರು ಇದ್ದಾರೆಂದು ಇಟ್ಟುಕೊಳ್ಳಿ. ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ಮಾಡಿದರೆ, ಜೊತೆಗೆ ಸುಮಾರು 1,600 ನಿರಪರಾಧಿಗಳ ಮೇಲೂ ಸಂಶಯ ಬೀಳುತ್ತದೆ. ಅಂದರೆ ಸಿಕ್ಕಿಬಿದ್ದ 200 ಮಂದಿಯಲ್ಲಿ ತಪ್ಪಿತಸ್ಥ ಒಬ್ಬ. ಎದೆ ಬಡಿದುಕೊಳ್ಳುವುದಕ್ಕೆ ಸುಳ್ಳೊಂದೇ ಕಾರಣವಲ್ಲ. ಕೆಲಸ ತಪ್ಪೀತೆಂಬ ಭಯಕ್ಕೂ ಅದು ಬಡಿದುಕೊಳ್ಳುತ್ತದೆ.

ಎತ್ತರದ ಅಳತೆಯೂ ಇಂಥದೇ. ಅಲಬಾಮಾ ರಾಜ್ಯದಲ್ಲಿ ಸೆರೆಮನೆಯ ಕಾವಲು ಕೆಲಸಕ್ಕೆ 5 ಅಡಿ 2 ಅಂಗುಲ ಎತ್ತರ, 120 ಪೌಂಡ್ ತೂಕ ಬೇಕೆಂಬ ನಿಯಮವಿತ್ತು. ಇದರಿಂದ ಹೆಂಗಸರಲ್ಲಿ ಶೇಕಡಾ 41ರಷ್ಟು ಮಂದಿ ಅನರ್ಹರಾಗುತ್ತಿದ್ದರು, ಗಂಡಸರಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ. ಬಲ ಬೇಕಿದ್ದರೆ ಬಲವನ್ನೇ ನೇರವಾಗಿ ಪರೀಕ್ಷಿಸಬಹುದಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲಿ ಕೇಳಿತು.

ನಮ್ಮ ಮನೆಯಂಗಳದಲ್ಲಿ

ಇದೆಲ್ಲ ದೂರದ ಕಥೆ ಎನ್ನಬೇಡಿ. ಕರ್ನಾಟಕದಲ್ಲಿ 545 ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. 50,000ಕ್ಕೂ ಹೆಚ್ಚು ಮಂದಿ ಬರೆದರು. ಉತ್ತರ ಹಾಳೆಗಳನ್ನು ಆಮೇಲೆ ತುಂಬಲಾಗಿದೆ, ಬ್ಲೂಟೂತ್‌ನಲ್ಲಿ ಉತ್ತರ ಹೇಳಿಕೊಡಲಾಗಿದೆ ಎಂಬ ಆರೋಪಗಳು ಬಂದವು. ಸಿಐಡಿ ತನಿಖೆ ನಡೆಯಿತು. ಅಭ್ಯರ್ಥಿಗಳ ಜೊತೆಗೆ ಪೊಲೀಸ್ ಅಧಿಕಾರಿಗಳೂ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನು ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷಕ್ಕೂ ಹೆಚ್ಚಿನ ಕಾಲವನ್ನು ಪ್ರಾಮಾಣಿಕವಾಗಿ ಓದಿ ಬರೆದವರೂ ಕಳೆದುಕೊಂಡರು. ಅಪ್ಪನ ಹೊಲದ ಆದಾಯ ನಂಬಿ, ಬಾಡಿಗೆ ಕೋಣೆಯಲ್ಲಿ ಓದುತ್ತಿದ್ದ ಹುಡುಗನಿಗೆ ಎರಡು ವರ್ಷ ಎಂದರೆ ಎಷ್ಟು ಎಂಬುದು ನಿಮಗೆ ಗೊತ್ತು.

1829ರ ಲಂಡನ್ನಿನಲ್ಲಿ ಅರ್ಜಿದಾರರನ್ನು ಜರಡಿ ಹಿಡಿಯುವ ಇಬ್ಬರ ಮೇಲೆ ನಂಬಿಕೆಯಿಟ್ಟು ಕೆಲಸ ಆರಂಭವಾಯಿತು. ಇಂದು ಜರಡಿ ಹಿಡಿದ ಕೈಯನ್ನೂ ಪರೀಕ್ಷಿಸಬೇಕಾಗಿ ಬಂದಿದೆ. ನೀವು ಒಂದು ಕೆಲಸ ಮಾಡಿ. ನಿಮ್ಮ ತರಗತಿಯಲ್ಲಿ ನಾಲ್ಕು ಮಂದಿ ಕುಳಿತು, ಒಳ್ಳೆಯ ಪೊಲೀಸನಿಗೆ ಬೇಕಾದ ಗುಣಗಳ ಪಟ್ಟಿ ಬರೆಯಿರಿ. ತಾಳ್ಮೆ, ಧೈರ್ಯ, ಲಂಚ ಮುಟ್ಟದಿರುವುದು, ಬಡವನ ದೂರನ್ನೂ ಕೂತು ಕೇಳುವುದು, ಹೀಗೆ. ಪ್ರತಿ ಗುಣದ ಮುಂದೆ, ಅದನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ ಹೇಗೆ ತಿಳಿಯುವುದು ಎಂದು ಬರೆಯಲು ಯತ್ನಿಸಿ. ಎಷ್ಟು ಸಾಲು ಖಾಲಿ ಉಳಿದವು ಎಂಬುದನ್ನು ನಮಗೂ ಬರೆದು ತಿಳಿಸಿ.